ಟೊಳ್ಳಿನೊಳಗಿನ ನಾದ: ಕಾಗವಾಡದ ಆಚೆಯ ತಂಬೂರಿ ಊರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯಿಂದ ಕೇಳ್ತಿರೋರಿಗೆ ಇವತ್ತಿನ ಕಥೆ ಪಕ್ಕದ ಊರಿನದು. ಆದ್ರೆ ಶುರು ಮಾಡೋದು ಒಂದು ಗಿಟಾರಿನಿಂದ.

1955ರಲ್ಲಿ ಅಮೆರಿಕದ ಗಿಬ್ಸನ್ ಕಂಪನಿ ಒಳಗೆ ಟೊಳ್ಳಿರುವ ಎಲೆಕ್ಟ್ರಿಕ್ ಗಿಟಾರಿನ ಒಡಲನ್ನು ತೆಳ್ಳಗೆ ಮಾಡಿತು. ‘ಥಿನ್‌ಲೈನ್’ ಅಂತ ಹೆಸರಾಯ್ತು. ಇದೇ ಜಾತಿಯ ಎಪಿಫೋನ್ ಕ್ಯಾಸಿನೊ ಗಿಟಾರನ್ನು ಬೀಟಲ್ಸ್‌ನ ಜಾನ್ ಲೆನನ್ ನುಡಿಸ್ತಿದ್ದರು. 1968ರಲ್ಲಿ ಅವರು ಅದರ ಮೇಲಿನ ಬಣ್ಣ ಕೆರೆಸಿ ತೆಗೆಸಿದರು. ಬಣ್ಣದ ಪದರ ಹೋದ್ರೆ ಮರ ಇನ್ನೂ ಬಿಚ್ಚಿ ನುಡಿಯುತ್ತೆ ಅನ್ನೋ ನಂಬಿಕೆ ಇತ್ತು. ಚೆನ್ನಾಗಿ ಉಳಿದಿರೋ ಇಂಥ ಹಳೆ ಗಿಟಾರಿಗೆ ಇವತ್ತು ಲಕ್ಷಗಟ್ಟಲೆ ಬೆಲೆ.

ಟೊಳ್ಳಿನಿಂದ ನಾದ ತೆಗೆಯುವ ವಿದ್ಯೆ ನಮ್ಮ ಗಡಿಯಲ್ಲೂ ಐತಿ. ರಾಯಬಾಗ, ಕುಡಚಿ, ಉಗಾರ, ಶೇಡಬಾಳ ದಾಟಿ ಹೋಗೋ ರೈಲು ಮುಟ್ಟುವ ಊರು ಮಿರಜ. ಅಲ್ಲಿನ ಶಿಕಲಗಾರ ಮನೆತನಗಳು ಮೊದಲು ಕತ್ತಿ, ಆಯುಧಗಳಿಗೆ ಸಾಣೆ ಹಿಡಿಯೋರು. ಬ್ರಿಟಿಷರ ಕಾಲದಲ್ಲಿ ಕತ್ತಿ ಕೇಳೋರು ಕಡಿಮೆಯಾದರು. 19ನೇ ಶತಮಾನದ ನಡುವಿನಲ್ಲಿ ಫರೀದ್‌ಸಾಹೇಬ ಶಿಕಲಗಾರ ವಾದ್ಯ ಮಾಡೋಕೆ ಕೈಹಾಕಿದರು. ಕತ್ತಿ ಹಿಡಿದ ಕೈ ತಂಬೂರಿ, ಸಿತಾರ್ ಕಡೆ ತಿರುಗಿತು.

ತಂಬೂರಿಯ ಹೊಟ್ಟೆ ಅಂದ್ರೆ ಸೋರೆಬುರುಡೆ. ಪಂಢರಪುರ, ಮಂಗಳವೇಢೆ ಸೀಮೆಯ ಹೊಲಗಳಲ್ಲಿ ಬೆಳೆದ ಕಾಯಿ ತಿಂಗಳುಗಟ್ಟಲೆ ಒಣಗಬೇಕು. ಆಮೇಲೆ ಕೊಯ್ದು, ನೆನೆಸಿ, ಒಳಗಿನ ತಿರುಳು ತೆಗೆದು, ಮರದ ಕೊರಳು ಕೂಡಿಸ್ತಾರೆ. ಕೊನೆಗೆ ಬರೋದು ಜವಾರಿ. ನಮ್ಮ ಕಡೆ ಜವಾರಿ ಅಂದ್ರೆ ಜವಾರಿ ಕೋಳಿ, ಜವಾರಿ ಬದನೆಕಾಯಿ. ಇಲ್ಲಿ ಅರ್ಥ ಬೇರೆ: ತಂತಿ ಕೂಡೋ ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಓರೆಯಾಗಿ ಅರ ಹಾಕಿ ಉಜ್ಜೋದು. ಅದರ ಮೇಲೆ ತಂತಿಯ ಕೆಳಗೆ ಒಂದು ಹತ್ತಿ ದಾರ. ದಾರ ಸರಿಯಾದ ಜಾಗಕ್ಕೆ ಬಂದ ಕೂಡಲೇ ತಂತಿ ಜೇನುಹುಳದ ಹಾಗೆ ಗುಂಯ್ ಅನ್ನುತ್ತೆ. ಅದಕ್ಕೆ ಅಳತೆಪಟ್ಟಿ ಇಲ್ಲ, ಕಿವಿಯೇ ಅಳತೆ.

ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ಇದೇ ಮಿರಜದಲ್ಲಿ ನೆಲೆಸಿದ್ದರು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಅಂದ್ರೆ ಧಾರವಾಡ ಸೀಮೆಯ ಗಾಯನಕ್ಕೂ ಮಿರಜಕ್ಕೂ ಗಟ್ಟಿ ನಂಟು. 1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು, ಮಿರಜ ಆ ಕಡೆ ಉಳೀತು. ನಕಾಶೆ ಬದಲಾದ್ರೂ ಷಡ್ಜ ಬದಲಾಗಲಿಲ್ಲ.

2024ರಲ್ಲಿ ಮಿರಜದ ಸಿತಾರ್‌ಗೆ, ತಂಬೂರಿಗೆ ಜಿಐ ಟ್ಯಾಗ್ ಸಿಕ್ಕಿತು. ಖುಷಿ ಪಡೋ ವಿಷಯ. ಆದ್ರೆ ನಿಮ್ಮ ಕೈಯಲ್ಲಿರೋ ಫೋನ್ ನೋಡ್ರಿ. ಅದರಲ್ಲಿ ತಂಬೂರಿ ಆ್ಯಪ್ ಪುಕ್ಕಟೆ ಸಿಗುತ್ತೆ. ಶ್ರುತಿ ತಪ್ಪಲ್ಲ, ಬಸ್ಸಿನಲ್ಲೂ ರಿಯಾಜ್ ಮಾಡಬಹುದು. ನಾನು ಆ್ಯಪ್ ಬೇಡ ಅನ್ನಲ್ಲ. ಕಲಿಯೋ ಬಡ ಹುಡುಗನಿಗೆ ಅದು ದೊಡ್ಡ ಆಸರೆ. ಆದ್ರೆ ಆ್ಯಪಿಗೆ ಜವಾರಿ ಕಟ್ಟೋರು ಬೇಕಿಲ್ಲ. ಕೆಲಸ ಇಲ್ಲದಿದ್ರೆ ಆ ಕಿವಿ, ಆ ಕೈ ಮುಂದಿನ ತಲೆಮಾರಿಗೆ ಹೋಗಲ್ಲ. ಜಿಐ ಟ್ಯಾಗ್ ಹೆಸರನ್ನು ಕಾಯುತ್ತೆ, ಕಸುಬನ್ನು ಕಾಯೋದು ಗಿರಾಕಿ.

ಹಳೆ ಗಿಟಾರ್ ಕಪಾಟಿನಲ್ಲಿ ಇಟ್ರೂ ಬೆಲೆ ಬರಬಹುದು. ತಂಬೂರಿ ಹಾಗಲ್ಲ. ನುಡಿಸ್ತಾ ನುಡಿಸ್ತಾ ತಂತಿ ಕುದುರೆಯನ್ನು ಸವೆಸುತ್ತೆ, ಮತ್ತೆ ಜವಾರಿ ಮಾಡಿಸಲೇಬೇಕು. ಬಿಟ್ಟರೆ ದನಿ ಸಾಯುತ್ತೆ. ನಿಮ್ಮೂರ ಮಠದಲ್ಲೋ, ಭಜನಾ ಮಂಡಳಿಯಲ್ಲೋ, ಅಜ್ಜನ ಅಟ್ಟದಲ್ಲೋ ಒಂದು ತಂಬೂರಿ ಮೂಲೆ ಸೇರಿದ್ರೆ ಬಿಸಿಲಿಗೆ ಇಡಬೇಡ್ರಿ, ಬುರುಡೆಯ ಮೇಲೆ ಭಾರ ಹೇರಬೇಡ್ರಿ. ಒಮ್ಮೆ ಮಿರಜಕ್ಕೆ ಒಯ್ಯಿರಿ. ಅಲ್ಲಿ ಒಬ್ಬ ಕಾರಿಗರನಿಗೆ ಒಂದು ದಿನದ ಕೆಲಸ, ನಿಮ್ಮ ಮನೆಗೆ ಮತ್ತೆ ಒಂದು ಜೀವಂತ ದನಿ.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಸಿಗೋಣ.