ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ: ಹುಲ್ಲಿನ ಸೂರಿನಿಂದ 160 ಅಡಿ ಗೋಪುರದವರೆಗೆ

ತುಮಕೂರು: ಸರಕು ತರೋಕೆ ಬೆಂಗಳೂರಿನ ಶಿವಾಜಿನಗರ, ಕಮರ್ಷಿಯಲ್ ಸ್ಟ್ರೀಟ್ ಕಡೆ ಹೋಗುವ ತುಮಕೂರು, ಗುಬ್ಬಿ, ಕುಣಿಗಲ್‌ನ ಅಂಗಡಿಯವರಿಗೆ ರಸೆಲ್ ಮಾರ್ಕೆಟ್ ಬಳಿಯ ಎತ್ತರದ ಚರ್ಚ್ ಚೆನ್ನಾಗಿ ಗೊತ್ತು. ಅದೇ ಸೇಂಟ್ ಮೇರಿ ಬೆಸಿಲಿಕಾ. ಬೆಂಗಳೂರಿನ ಹಳೇ ಚರ್ಚ್‌ಗಳಲ್ಲಿ ಒಂದು. ನಮ್ಮ ಜಿಲ್ಲೆಯ ಕ್ಯಾಥೊಲಿಕ್ ಚರ್ಚ್‌ಗಳು ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೇ ಸೇರಿರುವುದರಿಂದ ಇಲ್ಲಿನ ಕ್ರೈಸ್ತ ಕುಟುಂಬಗಳಿಗೂ ಇದು ಹತ್ತಿರದ ಜಾಗ.

ಬಿಳಿ ಅಕ್ಕಿ ಬೆಳೆದವರ ಊರು

ಶಿವಾಜಿನಗರಕ್ಕೆ ಮೊದಲು ಬ್ಲ್ಯಾಕ್‌ಪಳ್ಳಿ ಎಂಬ ಹೆಸರಿತ್ತು. ತಮಿಳುನಾಡಿನ ಸೆಂಜಿ ಕಡೆಯಿಂದ ಬಂದ ಕ್ರೈಸ್ತ ರೈತರು ಇಲ್ಲಿ ಬಿಳಿ ಅಕ್ಕಿ ಬೆಳೆಯುತ್ತಿದ್ದರು, 'ಬಿಳಿ ಅಕ್ಕಿ ಪಳ್ಳಿ'ಯೇ ಬಾಯಿಂದ ಬಾಯಿಗೆ ಬ್ಲ್ಯಾಕ್‌ಪಳ್ಳಿ ಆಯ್ತು ಅಂತ ಹೇಳ್ತಾರೆ.

ಈ ರೈತರಿಗಾಗಿ 1818ರಲ್ಲಿ ಹುಲ್ಲು ಹೊದಿಸಿದ ಚಿಕ್ಕ ಪ್ರಾರ್ಥನಾ ಮಂದಿರ ಕಟ್ಟಿಸಿದವರು ಫ್ರಾನ್ಸ್‌ನ ಪಾದ್ರಿ ಅಬ್ಬೆ ದ್ಯುಬುವಾ. ಅದಕ್ಕೆ ಕಾಣಿಕೆ ಮಾತೆಯ ಹೆಸರಿಟ್ಟರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಇವರನ್ನು ಜನ 'ದೊಡ್ಡಸ್ವಾಮಿಯವರು' ಎಂದು ಕರೆಯುತ್ತಿದ್ದರು. ಸಿಡುಬಿನ ಲಸಿಕೆ ಹಾಕಿಸಲೂ ಓಡಾಡಿದವರು ಇವರು. 1823ರಲ್ಲಿ ಫ್ರಾನ್ಸ್‌ಗೆ ವಾಪಸ್ ಹೋದರು.

ಭಕ್ತರು ಹೆಚ್ಚಾದಂತೆ ಪಾಂಡಿಚೇರಿಯಿಂದ ಬಂದ ಭಾರತೀಯ ಪಾದ್ರಿ ಆಂಡ್ರಿಯಾಸ್ ಮಂದಿರವನ್ನು ದೊಡ್ಡದು ಮಾಡಿಸಿದರು. 1832ರ ಗಲಭೆಯಲ್ಲಿ ಚರ್ಚ್‌ಗೆ ಅಪಾಯ ಬಂದಾಗ ಸೈನಿಕರು ಕಾವಲು ನಿಲ್ಲಬೇಕಾಯಿತು.

ಈಗಿನ ಕಟ್ಟಡ

ಇವತ್ತು ಕಾಣುವ ಕಟ್ಟಡ ಪಾದ್ರಿ ಕ್ಲೈನರ್ ಅವರ ಕಾಲದ್ದು. 1882ರ ಸೆಪ್ಟೆಂಬರ್ 8ರಂದು, ಮಾತೆ ಮರಿಯಳ ಜನ್ಮದಿನದ ಹಬ್ಬದಂದೇ, ಬಿಷಪ್ ಕೊಅದು ಇದನ್ನು ಪವಿತ್ರೀಕರಿಸಿದರು.

ಶೈಲಿ ಗೋಥಿಕ್. ಅಂದ್ರೆ ಕಮಾನುಗಳ ತುದಿ ಗುಂಡಗಿರದೆ ಚೂಪಾಗಿರುತ್ತದೆ, ಕಟ್ಟಡ ಮೇಲಕ್ಕೆ ಎಳೆದಂತೆ ಕಾಣುತ್ತದೆ. ಗೋಪುರದ ಎತ್ತರ ಸುಮಾರು 160 ಅಡಿ. ಒಳಗೆ ಎಲೆಗಳ ಕೆತ್ತನೆಯ ತಲೆ ಇರುವ ಕಂಬಗಳ ಸಾಲು, ಕಿಟಕಿಗಳಲ್ಲಿ ಬಣ್ಣದ ಗಾಜಿನ ಚಿತ್ರಗಳು. ಎರಡನೇ ಮಹಾಯುದ್ಧದ ವೇಳೆ ಈ ಗಾಜುಗಳನ್ನು ಬಿಚ್ಚಿ ತೆಗೆದಿಟ್ಟಿದ್ದರು. 1947ರಲ್ಲಿ ಮತ್ತೆ ಕೂರಿಸಿದರು. ಹಾಗೆ ಬಿಚ್ಚಿಡದೆ ಹೋಗಿದ್ದರೆ ಅವು ಉಳಿಯುತ್ತಿದ್ದವು ಅನ್ನೋ ಖಾತ್ರಿ ಇರಲಿಲ್ಲ.

ಪಕ್ಕದ ಗುಡಿಯಲ್ಲಿ ಬಾಲಯೇಸುವನ್ನು ಎತ್ತಿಕೊಂಡ ಮಾತೆಯ ಆರಡಿ ಪ್ರತಿಮೆ ಇದೆ. ಅದಕ್ಕೆ ಸೀರೆ ಉಡಿಸುತ್ತಾರೆ. ಕಟ್ಟಡ ಯುರೋಪಿನ ಮಾದರಿಯದ್ದಾದರೂ ಭಕ್ತಿ ಪೂರ್ತಿ ನಮ್ಮ ಕಡೆಯದ್ದೇ.

ಬೆಸಿಲಿಕಾ ಅಂದ್ರೇನು?

ಇದು ಪೋಪ್ ಕೊಡುವ ವಿಶೇಷ ಗೌರವ. 1973ರಲ್ಲಿ ಪೋಪ್ ಆರನೇ ಪೌಲ್ ಈ ಚರ್ಚ್‌ಗೆ ಕೊಟ್ಟರು. ರಾಜ್ಯದಲ್ಲಿ ಈ ಗೌರವ ಪಡೆದ ಮೊದಲ ಚರ್ಚ್ ಇದೇ. ಕಾರ್ಕಳದ ಅತ್ತೂರು ಸಂತ ಲಾರೆನ್ಸ್ ಚರ್ಚ್‌ಗೆ 2016ರಲ್ಲಿ ಸಿಕ್ಕಿತು. ಕೆಥೆಡ್ರಲ್ ಅಂದ್ರೆ ಬೇರೆ, ಅದು ಬಿಷಪ್ ಅವರ ಪೀಠ ಇರುವ ಚರ್ಚ್. ಬೆಂಗಳೂರಿನ ಕೆಥೆಡ್ರಲ್ ಕೋಲ್ಸ್ ಪಾರ್ಕ್ ಹತ್ತಿರದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಚರ್ಚ್.

ಹಬ್ಬಕ್ಕೆ ಹೋಗೋರಿಗೆ

ಪ್ರತಿ ವರ್ಷ ಆಗಸ್ಟ್ 29ಕ್ಕೆ ಧ್ವಜಾರೋಹಣ, ಸೆಪ್ಟೆಂಬರ್ 8ಕ್ಕೆ ತೇರು. ಕಾವಿ ಬಟ್ಟೆ ತೊಟ್ಟು ಹರಕೆ ತೀರಿಸುವವರಲ್ಲಿ ಎಲ್ಲಾ ಧರ್ಮದವರೂ ಇರುತ್ತಾರೆ. ತೇರಿನ ದಿನ ಮಾರ್ಕೆಟ್ ಸುತ್ತಿನ ರಸ್ತೆಗಳಲ್ಲಿ ಗಾಡಿ ಓಡಿಸೋದು ಕಷ್ಟ. ಸರಕು ತರೋರು ಆ ದಿನ ಬಿಟ್ಟು ಹೋದರೆ ಒಳ್ಳೇದು.

ತುಮಕೂರು, ಗುಬ್ಬಿಯಿಂದ ರೈಲಿನಲ್ಲಿ, ಕುಣಿಗಲ್‌ನಿಂದ ನೆಲಮಂಗಲ ಮಾರ್ಗದ ಬಸ್ಸಿನಲ್ಲಿ ಮೆಜೆಸ್ಟಿಕ್ ತಲುಪಿದರೆ ಅಲ್ಲಿಂದ ಶಿವಾಜಿನಗರಕ್ಕೆ ಸಿಟಿ ಬಸ್ ಸಿಗುತ್ತದೆ. ಬಸ್ ನಿಲ್ದಾಣದಿಂದ ಚರ್ಚ್‌ಗೆ ನಡೆದೇ ಹೋಗಬಹುದು.