ಹಗ್ಗ ಕಟ್ಟಿದ ಜೇಡ, ಪೆಟ್ಟಿಗೆಯೊಳಗಿನ ಜೇಡ

ಟ್ಯಾರಂಟುಲಾ ಸಾಕೋದು ಹೇಗೆ ಅಂತ ಕೇಳಿದರೆ ತಿಳಿದವರು ಒಂದು ಪಟ್ಟಿ ಕೊಡುತ್ತಾರೆ: ನೀರಿನ ತಟ್ಟೆ ಇಡಿ, ಅಡಗಲು ಜಾಗ ಕೊಡಿ, ಕೈಯಲ್ಲಿ ಹಿಡಿಯಬೇಡಿ, ಪೊರೆ ಬಿಡುವಾಗ ಮುಟ್ಟಲೇಬೇಡಿ. ನಾಲ್ಕು ಸಾಲಿನ ಈ ಪಟ್ಟಿ ತಯಾರಾಗೋಕೆ ಮನುಷ್ಯರಿಗೆ ಸುಮಾರು ಮುನ್ನೂರು ವರ್ಷ ಹಿಡಿಯಿತು. ಆ ಅವಧಿಯ ಬಹುಪಾಲು ಹೋಗಿದ್ದು ಜೇಡ ನಮಗೇನು ಮಾಡುತ್ತೆ ಅನ್ನೋ ಭಯದಲ್ಲಿ. ನಾವು ಅದಕ್ಕೇನು ಮಾಡ್ತಿದ್ದೀವಿ ಅನ್ನೋ ಪ್ರಶ್ನೆ ಬಂದಿದ್ದು ತೀರಾ ಕೊನೆಗೆ.

ಹೆಸರಿನಿಂದಲೇ ಶುರು ಮಾಡೋಣ. ಇಟಲಿಯ ದಕ್ಷಿಣ ತುದಿಯಲ್ಲಿ ತಾರಾಂತೊ ಅನ್ನೋ ಊರಿದೆ. ಆ ಸೀಮೆಯ ಹೊಲಗಳಲ್ಲಿ ಜೇಡ ಕಚ್ಚಿತು ಅಂದರೆ ಔಷಧಿ ಕೊಡುತ್ತಿರಲಿಲ್ಲ, ವಾದ್ಯದವರನ್ನು ಕರೆಸುತ್ತಿದ್ದರು. ಕಚ್ಚಿಸಿಕೊಂಡವರು, ಹೆಚ್ಚಾಗಿ ಹೆಂಗಸರು, ಸುಸ್ತಾಗಿ ಬೀಳುವವರೆಗೆ ಕುಣಿಯಬೇಕಿತ್ತು. 1641ರಲ್ಲಿ ಅಥನಾಸಿಯಸ್ ಕಿರ್ಷರ್ ಎಂಬ ಪಾದ್ರಿ ಈ ಚಿಕಿತ್ಸೆಯ ಸಂಗೀತವನ್ನೂ ಬರೆದಿಟ್ಟ. 1959ರಲ್ಲಿ ಎರ್ನೆಸ್ತೊ ದೆ ಮಾರ್ತಿನೊ ಅನ್ನೋ ವಿದ್ವಾಂಸ ತನ್ನ ತಂಡದೊಂದಿಗೆ ಸಾಲೆಂತೊ ಪ್ರದೇಶಕ್ಕೆ ಹೋದಾಗಲೂ ಈ ಆಚರಣೆ ಪೂರ್ತಿ ಸತ್ತಿರಲಿಲ್ಲ. ಅವನಿಗೆ ಅಲ್ಲಿ ಕಂಡಿದ್ದು ಜೇಡದ ವಿಷಕ್ಕಿಂತ ಹೆಚ್ಚಾಗಿ ಬಡತನ ಮತ್ತು ಬಾಯಿಬಿಟ್ಟು ಹೇಳಲಾಗದ ಸಂಕಟ.

ತಮಾಷೆ ಅಂದರೆ, ತಾರಾಂತೊದ ಆ ಜೇಡ ಇವತ್ತು ನಾವು ಟ್ಯಾರಂಟುಲಾ ಅಂತ ಕರೆಯೋ ಜೇಡವೇ ಅಲ್ಲ. ಅದು ನೆಲದಲ್ಲಿ ಬಿಲ ತೋಡುವ ತೋಳ ಜೇಡ, ಅದರ ಕಡಿತವೂ ಸಾಧಾರಣದ್ದು. ಯುರೋಪಿನವರು ಅಮೆರಿಕ ಖಂಡಕ್ಕೆ ಹೋದಾಗ ಅಂಗೈಯಗಲದ, ಮೈತುಂಬ ರೋಮದ ಜೇಡಗಳನ್ನು ಕಂಡರು. ಹೊಸ ಹೆಸರು ಯಾಕೆ ಹುಡುಕಬೇಕು ಅಂತ ಹಳೆಯದನ್ನೇ ಅಂಟಿಸಿಬಿಟ್ಟರು. ಹೆಸರಿನ ಜೊತೆ ಹಳೆಯ ಭಯವೂ ಹಡಗು ಹತ್ತಿತು.

1705ರಲ್ಲಿ ಮರಿಯಾ ಸಿಬಿಲ್ಲಾ ಮೆರಿಯನ್ ಎಂಬ ಚಿತ್ರಕಾರ್ತಿ ಸುರಿನಾಮಿನ ಕೀಟಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಪ್ರಕಟಿಸಿದಳು. ಅದರ ಒಂದು ಚಿತ್ರದಲ್ಲಿ ಸೀಬೆ ಮರದ ಕೊಂಬೆಯ ಮೇಲೆ ರೋಮದ ಜೇಡವೊಂದು ಪುಟ್ಟ ಹಕ್ಕಿಯನ್ನು ತಿನ್ನುತ್ತಿದೆ. ಇದೆಲ್ಲ ಕಟ್ಟುಕತೆ ಅಂತ ಮುಂದೆ ಹಲವು ಪಂಡಿತರು ತಳ್ಳಿಹಾಕಿದರು. ಹೆಂಗಸು ಬರೆದದ್ದು ಅನ್ನೋದೂ ಅದರಲ್ಲಿ ಸ್ವಲ್ಪ ಸೇರಿರಬೇಕು ಬಿಡಿ. ನೂರೈವತ್ತು ವರ್ಷಗಳ ನಂತರ, 1863ರ ತನ್ನ ಪುಸ್ತಕದಲ್ಲಿ, ಅಮೆಜಾನಿನಲ್ಲಿ ಹನ್ನೊಂದು ವರ್ಷ ಕಳೆದಿದ್ದ ಹೆನ್ರಿ ವಾಲ್ಟರ್ ಬೇಟ್ಸ್ ತಾನೂ ಅಂಥದ್ದನ್ನೇ ಕಂಡೆ ಅಂತ ಬರೆದ: ಬಲೆಗೆ ಸಿಕ್ಕ ಎರಡು ಪುಟ್ಟ ಹಕ್ಕಿಗಳು, ಒಂದು ಸತ್ತಿದೆ, ಇನ್ನೊಂದು ಜೇಡದ ಅಡಿಯಲ್ಲಿ ಕೊನೆಯುಸಿರು ಎಳೆಯುತ್ತಿದೆ.

ಅದೇ ಪುಸ್ತಕದಲ್ಲಿ ಇನ್ನೊಂದು ಮಾತೂ ಇದೆ. ಬೇಟ್ಸ್‌ಗಾಗಿ ಕೀಟ ಹಿಡಿದುಕೊಡುತ್ತಿದ್ದ ಸ್ಥಳೀಯ ಕುಟುಂಬವೊಂದರ ಮಕ್ಕಳು ಇಂಥ ಒಂದು ಜೇಡದ ಸೊಂಟಕ್ಕೆ ಹಗ್ಗ ಕಟ್ಟಿ, ನಾಯಿಯನ್ನು ಕರೆದೊಯ್ಯುವಂತೆ ಮನೆಯೊಳಗೆ ಓಡಾಡಿಸುತ್ತಿದ್ದರಂತೆ. ಸಾಕಿದ ಟ್ಯಾರಂಟುಲಾದ ಹಳೆಯ ಚಿತ್ರಗಳಲ್ಲಿ ಇದೂ ಒಂದು. ಲಂಡನ್ನಿನ ಓದುಗರು ಹೆದರಿ ನಡುಗುತ್ತಿದ್ದ ಪ್ರಾಣಿ ಅಲ್ಲಿನ ಮಕ್ಕಳಿಗೆ ಆಟಿಕೆ. ಎರಡೂ ಕಡೆ ಜೇಡದ ಯೋಗಕ್ಷೇಮ ಕೇಳಿದವರಿಲ್ಲ.

ಕೇಳಿದ್ದು ಯಾರು? ಮೊದಲ ಸಾಲಿನಲ್ಲಿ ಅಮೆರಿಕದ ಅರ್ಕಾನ್ಸಾ ವಿಶ್ವವಿದ್ಯಾಲಯದ ವಿಲಿಯಂ ಬೇರ್ಗ್ ನಿಲ್ಲುತ್ತಾರೆ. ವಿಷ ನಿಜವಾಗಿ ಎಷ್ಟು ಅಂತ ತಿಳಿಯೋಕೆ ತಮ್ಮ ಮೈಯನ್ನೇ ಜೇಡಕ್ಕೆ ಒಡ್ಡಿದ ಮನುಷ್ಯ. 1922ರಲ್ಲಿ ಬ್ಲ್ಯಾಕ್ ವಿಡೋ ಜೇಡದಿಂದ ಕಚ್ಚಿಸಿಕೊಂಡು ಆಸ್ಪತ್ರೆ ಸೇರಿದ್ದರು. ಆದರೆ ಅವರ ದೊಡ್ಡ ಕೆಲಸ ಅದಲ್ಲ. ಟ್ಯಾರಂಟುಲಾಗಳನ್ನು ದಶಕಗಳ ಕಾಲ ಪ್ರಯೋಗಾಲಯದಲ್ಲಿ ಸಾಕಿ, ಎಷ್ಟು ತಿಂದವು, ಯಾವಾಗ ಪೊರೆ ಬಿಟ್ಟವು ಅಂತ ತಾಳ್ಮೆಯಿಂದ ಬರೆದಿಟ್ಟರು. ಹೆಣ್ಣು ಇಪ್ಪತ್ತು ವರ್ಷ ದಾಟಿ ಬದುಕಬಲ್ಲದು, ಗಂಡು ಪ್ರಾಯಕ್ಕೆ ಬಂದ ಮೇಲೆ ಬೇಗ ಸಾಯುತ್ತದೆ ಅನ್ನೋದು ಗೊತ್ತಾಗಿದ್ದು ಇಂಥ ಕಾಯುವಿಕೆಯಿಂದ. 1958ರಲ್ಲಿ ಅವರ ‘ದಿ ಟ್ಯಾರಂಟುಲಾ’ ಪುಸ್ತಕ ಬಂತು.

ಸಿನಿಮಾದವರು ಮಾತ್ರ ಹಳೆಯ ಭಯವನ್ನೇ ಮಾರುತ್ತಿದ್ದರು. 1955ರಲ್ಲಿ ‘ಟ್ಯಾರಂಟುಲಾ’, 1962ರಲ್ಲಿ ಜೇಮ್ಸ್ ಬಾಂಡ್‌ನ ಮೈಮೇಲೆ ಹರಿದಾಡುವ ಜೇಡ. ಭಯ ಚೆನ್ನಾಗಿ ಮಾರಾಟವಾಗುತ್ತದೆ, ಅದರ ಹಿಂದೆಯೇ ಕುತೂಹಲವೂ ಬರುತ್ತದೆ. ಮೆಕ್ಸಿಕೋದ ಕೆಂಪು ಮಂಡಿಯ ಜೇಡ ಪೆಟ್ ಅಂಗಡಿಗಳ ಅಚ್ಚುಮೆಚ್ಚಾಯಿತು. ಸ್ವಭಾವ ಸೌಮ್ಯ, ಬಣ್ಣ ಸೊಗಸು. ಕಾಡಿನಿಂದ ಹಿಡಿದು ತಂದವು ಗಾಜಿನ ತೊಟ್ಟಿಗಳಲ್ಲಿ ಬಂದು ಬಿದ್ದವು.

ಆಗಿನ ಆರೈಕೆ ಹೇಗಿತ್ತು ಅಂದರೆ, ಹಲ್ಲಿ, ಹಾವುಗಳಿಗೆ ಮಾಡಿದ್ದನ್ನೇ ಜೇಡಕ್ಕೂ ಮಾಡೋದು. ಬಿಸಿ ಕಲ್ಲು ಇಟ್ಟರು, ಅದು ಜೇಡದ ಮೈಯ ನೀರನ್ನು ಒಣಗಿಸಿತು. ತಟ್ಟೆಯಲ್ಲಿ ಮುಳುಗುತ್ತದೆ ಅಂತ ಹೆದರಿ ನೀರಿನ ಬದಲು ಒದ್ದೆ ಸ್ಪಂಜು ಇಟ್ಟರು, ಅದರಲ್ಲಿ ಕೊಳೆ ಬೆಳೆಯಿತು. ಅಂಗಾತ ಮಲಗಿದ ಜೇಡವನ್ನು ಸತ್ತಿದೆ ಅಂದುಕೊಂಡು ಎಸೆದವರೂ ಉಂಟು. ಅದು ಪೊರೆ ಬಿಡುತ್ತಿತ್ತು ಅಷ್ಟೇ! ಆ ಹೊತ್ತಿನಲ್ಲಿ ಅದರ ಮೈ ಎಷ್ಟು ಮೆತ್ತಗಿರುತ್ತದೆ ಅಂದರೆ, ಊಟಕ್ಕೆ ಅಂತ ಬಿಟ್ಟ ಹುಳವೇ ಅದನ್ನು ಕಚ್ಚಿ ಕೊಲ್ಲಬಹುದು.

ಒಂದೊಂದು ತಪ್ಪಿನ ಹಿಂದೆಯೂ ಜೇಡದ ಮೈ ಹೇಗೆ ಕೆಲಸ ಮಾಡುತ್ತೆ ಅನ್ನೋ ಪಾಠ ಇತ್ತು. ಟ್ಯಾರಂಟುಲಾ ತನ್ನ ಕಾಲನ್ನು ಚಾಚೋದು ಮೈಯೊಳಗಿನ ದ್ರವದ ಒತ್ತಡದಿಂದ. ನೀರು ಕಡಿಮೆಯಾದರೆ ಒತ್ತಡ ಇಳಿಯುತ್ತದೆ, ಕಾಲುಗಳು ಹೊಟ್ಟೆಯಡಿಗೆ ಮಡಚಿಕೊಳ್ಳುತ್ತವೆ. ಹಾಗಾಗಿ ಅಂಗಾತ ಮಲಗಿದ್ದರೆ ಸುಮ್ಮನಿರಿ, ನೆಟ್ಟಗೆ ಕೂತು ಕಾಲು ಮುದುರಿಕೊಂಡಿದ್ದರೆ ಗಾಬರಿಯಾಗಿ. ಇನ್ನು ಅದರ ಹೊಟ್ಟೆ ನೀರು ತುಂಬಿದ ಬಲೂನಿನ ಹಾಗೆ. ನಮ್ಮ ಕೈಯ ಎತ್ತರದಿಂದ ಜಾರಿ ಬಿದ್ದರೂ ಒಡೆದುಹೋಗಬಹುದು. ನೆಲದ ಜೇಡಕ್ಕೆ ತಗ್ಗು ಪೆಟ್ಟಿಗೆ, ಆಳವಾದ ಮಣ್ಣು, ಮರದ ಜೇಡಕ್ಕೆ ಎತ್ತರದ ಪೆಟ್ಟಿಗೆ, ನಿಲ್ಲಿಸಿದ ತೊಗಟೆ ಅನ್ನೋ ನಿಯಮ ಹುಟ್ಟಿದ್ದು ಹೀಗೆ. ನಮ್ಮ ಅಪಾರ್ಟ್‌ಮೆಂಟುಗಳಿಗೆ ಇನ್ನೊಂದು ಸೇರಿಸಬೇಕು: ಜಿರಳೆಗೆ ಹೊಡೆಯುವ ಸ್ಪ್ರೇ ಜೇಡಕ್ಕೂ ವಿಷವೇ. ಔಷಧಿ ತಿಂದ ಜಿರಳೆಯನ್ನು ಅಡುಗೆಮನೆಯಿಂದ ಹಿಡಿದು ಅದಕ್ಕೆ ಹಾಕಿದರೂ ಅಷ್ಟೇ.

ಪೆಟ್ಟಿಗೆಯೊಳಗಿನ ಆರೋಗ್ಯ ಹೀಗೆ ಸುಧಾರಿಸುತ್ತಿದ್ದರೆ ಪೆಟ್ಟಿಗೆಯ ಹೊರಗೆ ಬೇರೆಯೇ ಲೆಕ್ಕ ನಡೆಯುತ್ತಿತ್ತು. ನಿಧಾನವಾಗಿ ಬೆಳೆಯುವ, ತಡವಾಗಿ ತಾಯಾಗುವ ಪ್ರಾಣಿಯನ್ನು ಕಾಡಿನಿಂದ ಎತ್ತುತ್ತಲೇ ಹೋದರೆ ಆ ಜಾಗ ಮತ್ತೆ ತುಂಬೋದಿಲ್ಲ. 1985ರಲ್ಲಿ ಕೆಂಪು ಮಂಡಿಯ ಜೇಡ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಪಟ್ಟಿಗೆ ಸೇರಿತು. ಸಾಕಿದ ಜೇಡಗಳಿಂದಲೇ ಮರಿ ಮಾಡಿಸುವ ಕೆಲಸ ಬೆಳೆಯಿತು. ಒಂದು ತತ್ತಿಚೀಲದಿಂದ ನೂರಾರು ಮರಿ ಬರುತ್ತವೆ, ಕಾಡಿಗೆ ಕೈ ಹಾಕಬೇಕಾದ ಅಗತ್ಯವೇ ಇಲ್ಲ.

ಈ ಕತೆಗೆ ನಮ್ಮ ಪಕ್ಕದ ಊರಿನ ಅಧ್ಯಾಯವೂ ಇದೆ. ಬಳ್ಳಾರಿಯಿಂದ ಹೆಚ್ಚು ದೂರವಿಲ್ಲದ ಆಂಧ್ರದ ಗುತ್ತಿಯಲ್ಲಿ, ರೈಲ್ವೆಯ ಸೌದೆ ಅಂಗಳದಲ್ಲಿ ಸಿಕ್ಕ ನೀಲಿ ಜೇಡವೊಂದನ್ನು 1899ರಲ್ಲಿ ರೆಜಿನಾಲ್ಡ್ ಪೋಕಾಕ್ ವರ್ಣಿಸಿದ. ‘ಮೈಸೂರ್ ಆರ್ನಮೆಂಟಲ್’ ಅಂತ ಹವ್ಯಾಸಿಗಳು ಕರೆಯುವ, ಮರದ ಪೊಟರೆಯಲ್ಲಿ ಬದುಕುವ ಜೇಡ ಇದರ ಹತ್ತಿರದ ನೆಂಟ. ಗುತ್ತಿಯ ಜೇಡ ಅಲ್ಲಿನದೇ ಆಗಿರಲಿಲ್ಲ, ಸೌದೆಯ ಜೊತೆ ರೈಲಿನಲ್ಲಿ ಬಂದಿರಬೇಕು. ಅದರ ಕಾಡಿನ ಮನೆ ಸಿಕ್ಕಿದ್ದು ನೂರು ವರ್ಷಗಳ ನಂತರ, 2001ರಲ್ಲಿ, ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಅರಣ್ಯದಲ್ಲಿ. 2008ರಲ್ಲಿ ಅದನ್ನು ತೀವ್ರ ಅಪಾಯದಂಚಿನ ಜೀವಿ ಅಂತ ಗುರುತಿಸಿದರು. ಅಷ್ಟರಲ್ಲಿ ಯುರೋಪ್, ಅಮೆರಿಕದ ಹವ್ಯಾಸಿಗಳ ಮನೆಗಳಲ್ಲಿ ಅದರ ಮರಿಗಳು ಬೆಳೆಯುತ್ತಿದ್ದವು. ಗಾಜಿನ ಪೆಟ್ಟಿಗೆಯಲ್ಲಿ ಸುಖವಾಗಿದೆ, ಸ್ವಂತ ಮರದಲ್ಲಿ ಸಂಕಟದಲ್ಲಿದೆ. 2019ರಲ್ಲಿ ಈ ಇಡೀ ಕುಲ ಸೈಟಿಸ್ ಪಟ್ಟಿಗೆ ಸೇರಿತು. ಸೈಟಿಸ್ ಪಟ್ಟಿಯ ಜೀವಂತ ಪ್ರಾಣಿಗಳು ಯಾರ ಬಳಿಯಿದ್ದರೂ ವರದಿ ಮಾಡಿ ನೋಂದಾಯಿಸಬೇಕು ಅಂತ ನಮ್ಮ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಹೇಳುತ್ತದೆ.

ಹಾಗಾಗಿ ಯಾರಾದರೂ ನಿಮಗೆ ಟ್ಯಾರಂಟುಲಾ ಕೊಡ್ತೀನಿ ಅಂದರೆ ಏನು ತಿನ್ನುತ್ತೆ, ಎಷ್ಟು ದಿನಕ್ಕೊಮ್ಮೆ ಅಂತ ಆಮೇಲೆ ಕೇಳಿ. ಇದು ಎಲ್ಲಿ ಹುಟ್ಟಿತು, ಕಾಗದಪತ್ರ ಎಲ್ಲಿದೆ ಅಂತ ಮೊದಲು ಕೇಳಿ. ಉತ್ತರ ತಡವರಿಸಿದರೆ ಅದು ಯಾವುದೋ ಪೊಟರೆಯನ್ನು ಖಾಲಿ ಮಾಡಿ ಬಂದ ಜೇಡ ಆಗಿರಬಹುದು. ಅದನ್ನು ನೀವೆಷ್ಟೇ ಚೆನ್ನಾಗಿ ನೋಡಿಕೊಂಡರೂ ಆ ಪೊಟರೆ ತುಂಬೋದಿಲ್ಲ.