ತೆಂಗಿನ ಸೀಮೆಯಲ್ಲಿ ಪ್ರಯಾಣದ ಬೆಲೆ

ಕಾಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುವವರೆಗೆ ಹತ್ತು ಹನ್ನೆರಡು ತಿಂಗಳು ತಾಳಿಕೊಂಡಿರುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟಗಾರನಿಗೆ ಒಳ್ಳೆಯ ಧಾರಣೆಗಾಗಿ ಕಾಯುವುದು ಹೊಸತಲ್ಲ. ಆದರೆ ಪ್ರಯಾಣವು ಅಟ್ಟದಲ್ಲಿಟ್ಟು ಕಾಯಬಹುದಾದ ಪದಾರ್ಥವಲ್ಲವೆಂಬುದನ್ನು ಈ ಸೀಮೆಯ ಹಾದಿಗಳ ಚರಿತ್ರೆಯೇ ಸಾರುತ್ತದೆ.

1889ರ ಹೊತ್ತಿಗೆ ಬೆಂಗಳೂರಿನಿಂದ ಹರಿಹರದವರೆಗೆ ಸಾಗಿದ ರೈಲುಮಾರ್ಗವು ತಿಪಟೂರನ್ನು ಹಾದುಹೋಗಿ ಅಲ್ಲಿಯ ಕೊಬ್ಬರಿ ಪೇಟೆಗೆ ಬಲವಿತ್ತಿತಾದರೂ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಪಟ್ಟಣಗಳನ್ನು ಮುಟ್ಟಲಿಲ್ಲವಾಗಿ, ಅಲ್ಲಿಯವರು ಮೊದಲು ಎತ್ತಿನ ಗಾಡಿಯನ್ನೂ ತರುವಾಯ ಮೋಟಾರು ಬಸ್ಸನ್ನೂ ನೆಚ್ಚಬೇಕಾಯಿತು. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಯ ಎಣ್ಣೆ ನಿಂತು, ಪೆಟ್ರೋಲು ದುರ್ಲಭವಾದಾಗ, ಮೈಸೂರು ಸಂಸ್ಥಾನದ ಬಸ್ಸುಗಳು ಇದ್ದಿಲ ಒಲೆಯನ್ನು ಹೊತ್ತು, ಏರಿನಲ್ಲಿ ಏದುಸಿರು ಬಿಡುತ್ತ ನಡೆದುವು. 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಡನೆ ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ ಜನ್ಮ ತಾಳಿದ ಮೇಲೆ, ಆ ಬಸ್ಸುಗಳ ಟಿಕೆಟ್ಟಿನ ದರವು ವ್ಯಾಪಾರಿಯ ಲೆಕ್ಕವಷ್ಟೇ ಆಗಿರದೆ ರಾಜ್ಯದ ಧರ್ಮವೂ ಆಯಿತು.

ಆದರೂ ಎಣ್ಣೆಯ ಬೆಲೆ ಯಾರ ಅಂಕೆಯಲ್ಲಿಯೂ ನಿಲ್ಲದು. 1973ರಲ್ಲಿ ಮೂರು ಡಾಲರಿನಷ್ಟಿದ್ದ ಪೀಪಾಯಿ ಎಣ್ಣೆ ಕೆಲವೇ ತಿಂಗಳಲ್ಲಿ ಹನ್ನೆರಡರ ಸಮೀಪಕ್ಕೇರಿತು. 2013ರ ಜನವರಿಯಲ್ಲಿ ಸಗಟು ಡೀಸೆಲಿನ ರಿಯಾಯಿತಿ ತಪ್ಪಿದಾಗ ಸಾರಿಗೆ ನಿಗಮಗಳೂ ತತ್ತರಿಸಿದುವು. ದರ ಏರಿದೊಡನೆ ಬಸ್ಸು ಬರಿದಾಗುವುದಿಲ್ಲ: ಕೊಬ್ಬರಿ ಹರಾಜಿಗೆ, ಆಸ್ಪತ್ರೆಗೆ, ಕಚೇರಿಗೆ ಹೋಗಲೇಬೇಕಾದವನು ಬೇರೆ ಖರ್ಚನ್ನು ಹಿಡಿದಾದರೂ ಹೋಗುತ್ತಾನೆ, ಮಗಳ ಮನೆಗೋ ಜಾತ್ರೆಗೋ ಹೊರಟವಳು ಹೊಸ್ತಿಲಲ್ಲೇ ಹಿಂದಿರುಗುತ್ತಾಳೆ, ತರುಣನು ಕಾಲಕ್ರಮದಲ್ಲಿ ಮೋಟಾರುಬೈಕನ್ನು ಕೊಳ್ಳುತ್ತಾನೆ, ಪೆಟ್ರೋಲು ತುಟ್ಟಿಯಾದರೆ ಬಸ್ಸಿನ ಕಡೆಗೆ ಮತ್ತೆ ನೋಡುತ್ತಾನೆ.

ಹೊಸ್ತಿಲಲ್ಲೇ ನಿಂತುಹೋದ ಆ ಪ್ರಯಾಣಗಳು ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಾಣಸಿಗವು. 2023ರ ಜೂನ್ 11ರಂದು ಶಕ್ತಿ ಯೋಜನೆಯು ರಾಜ್ಯದ ಸ್ತ್ರೀಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನಿತ್ತ ಬಳಿಕ ಬಸ್ಸುಗಳು ತುಂಬಿ ತುಳುಕಿದುದನ್ನು ಕಂಡಾಗಲೇ, ಅವರಿಗೆ ಪ್ರಯಾಣದ ಬಯಕೆ ಮೊದಲಿನಿಂದಲೂ ಇದ್ದು, ಬೆಲೆಯೊಂದೇ ಎಷ್ಟೋ ಮಂದಿಯನ್ನು ತಡೆದಿತ್ತೆಂಬುದು ವಿಶದವಾಯಿತು. 2025ರ ಜನವರಿಯಲ್ಲಿ ಟಿಕೆಟ್ ದರ ಶೇಕಡಾ 15ರಷ್ಟು ಏರಿದಾಗ, ಅದರ ನೇರವಾದ ಭಾರ ಮುಖ್ಯವಾಗಿ ಪುರುಷ ಪ್ರಯಾಣಿಕರ ಮೇಲೆ ಬಿದ್ದಿತು.

ದರವನ್ನು ನಿರ್ಣಯಿಸುವವರು ಡೀಸೆಲಿನ ಲೆಕ್ಕವನ್ನು ನೋಡಲೇಬೇಕು. ಅದರೊಡನೆ, ಹೊರಡದೆಯೇ ಉಳಿದವರ ಲೆಕ್ಕವನ್ನೂ ನೋಡಲಿ. ಅಟ್ಟದ ಕೊಬ್ಬರಿಗೆ ನಾಳೆ ಬೆಲೆ ಬಂದೀತು. ತಾಯಿಯು ಮಗಳ ಮನೆಗೆ ಹೋಗದೆ ಕಳೆದ ದಿನಕ್ಕೆ ಯಾವ ಪೇಟೆಯಲ್ಲಿಯೂ ಬೆಲೆಯಿಲ್ಲ.